ಎಮ್ಮೆಗಳು ಮೇಯ್ದ ಗುಡ್ಡ

ಸಿಂಧನೂರು ತಾಲ್ಲೂಕಿನಲ್ಲಿ ಇಲ್ಲದ ಒಂದು ಗುಡ್ಡವನ್ನು ಸರ್ಕಾರಿ ಕಡತದಲ್ಲಿ ವಿಧಿವತ್ತಾಗಿ ಸ್ಥಾಪಿಸಿದ ಕೀರ್ತಿ ನನ್ನದು. ಗುಡ್ಡ ಹುಟ್ಟಿಸುವುದು ದೇವರ ಕೆಲಸ ಅಂತ ಜನ ತಿಳಿದಿದ್ದಾರೆ. ಅಲ್ಲ! ಡಿಪ್ಲೊಮಾ ಸಿವಿಲ್ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದವನೂ ಕುರ್ಚಿಯಿಂದ ಏಳದೆ ಅದನ್ನು ಮಾಡಬಹುದು.

ನನ್ನ ಹೆಸರು ಅಮರೇಶ. ಸಿಂಧನೂರಿನ ಒಂದು ಖಾಸಗಿ ಸರ್ವೆ ಕಚೇರಿಯಲ್ಲಿ ಕೆಲಸ. ನಮ್ಮದು ನೀರಿನ ಕೆಲಸ, ಆದರೆ ಮೈ ಒದ್ದೆಯಾಗದ ಕೆಲಸ. ಕಂಪ್ಯೂಟರಿನೊಳಗೆ ಸುಳ್ಳು ಮಳೆ ಸುರಿಸುತ್ತೇವೆ. ಆ ಸುಳ್ಳು ಮಳೆಗೆ ಹಳ್ಳ ತುಂಬಿ ಊರೊಳಗೆ ಎಲ್ಲೆಲ್ಲಿ ನುಗ್ಗುತ್ತದೆ ಅಂತ ಯಂತ್ರ ಲೆಕ್ಕ ಹಾಕಿ ಕೊಡುತ್ತದೆ. ಆ ಲೆಕ್ಕದಿಂದ ಒಂದೊಂದು ಊರಿಗೂ ಎರಡೆರಡು ನಕ್ಷೆ ತೆಗೆಯುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ನೀರಿನ ಮಟ್ಟದ ನಕ್ಷೆ, ಇನ್ನೊಂದು ನೀರಿನ ಆಳದ ನಕ್ಷೆ. ಎರಡಕ್ಕೂ ಇರುವ ವ್ಯತ್ಯಾಸ ಬಹಳ ಸುಲಭ. ಅದನ್ನು ಹೆಂಡತಿ ಹುಲಿಗೆಮ್ಮಳಿಗೆ ವಿವರಿಸಲು ಹೋದದ್ದೇ ಮೊದಲ ಅನಾಹುತ.

ಆಕೆ ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡು ರೊಟ್ಟಿಗೆ ಕೂತಿದ್ದಳು. ನಾನು ಹಿಟ್ಟಿನಲ್ಲಿ ಕೈಯಾಡಿಸಿ ಒಂದು ಹಳ್ಳ, ಎರಡು ದಂಡೆ, ಪಕ್ಕದಲ್ಲೊಂದು ದಿಬ್ಬ ಮಾಡಿದೆ.

"ಇಲ್ನೋಡು, ಇದು ನೆಲ. ಈಗ ಹಳ್ಳ ಬಂತು ಅನ್ನು," ಎಂದು ಚೊಂಬಿನ ನೀರು ಸುರಿದೆ. "ನೀರಿನ ಮ್ಯಾಲಿನ ಗೆರಿ ಐತಲ್ಲ, ಅದು ಮಟ್ಟ. ಆ ಗೆರಿಯಿಂದ ಕೆಳಗ ನೆಲದ ತನಾ ಎಷ್ಟೈತಿ, ಅದು ಆಳ. ದಿಬ್ಬದ ಮ್ಯಾಲ ಆಳ ಇಲ್ಲ. ದಿಬ್ಬದ ಮ್ಯಾಲ ನಿಂತಾಂವ ಬದುಕಿದ. ತಿಳೀತಾ?"

"ತಿಳೀತ್ರಿ," ಎಂದಳು ಹುಲಿಗೆಮ್ಮ. "ಈಗ ರೊಟ್ಟಿ ಹೆಂಗ ಬಡೀಲಿ, ಅದನ್ನ ಹೇಳ್ರಿ."

ಅಷ್ಟರಲ್ಲಿ ನನ್ನ ದಿಬ್ಬ ಕರಗಿ ಪರಾತದ ತುಂಬ ಅಂಬಲಿಯಾಗಿತ್ತು. ಅವತ್ತು ಊಟಕ್ಕೆ ಮಟ್ಟ ಮತ್ತು ಆಳ ಎರಡನ್ನೂ ಒಟ್ಟಿಗೆ ಕುದಿಸಿ ಕುಡಿದೆವು. ದಿಬ್ಬಗಳನ್ನು ನಂಬಬಾರದು ಅಂತ ಅವತ್ತೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹುಲಿಗೆಮ್ಮ ಇಷ್ಟು ಆಸ್ಥೆಯಿಂದ ಕೇಳಲು ಕಾರಣವಿತ್ತು. ಅವಳ ತವರು ವಳಕಮದಿನ್ನಿ. ಊರಿಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ. ಅದಕ್ಕೆ ಸೇತುವೆ ಇಲ್ಲ, ನೆಲಮಟ್ಟಕ್ಕೆ ಹಾಸಿದ ಕಾಂಕ್ರೀಟ್ ದಾರಿ ಅಷ್ಟೇ. ಹಳ್ಳ ಬಂತೆಂದರೆ ಊರು ಊರಷ್ಟಕ್ಕೆ, ಲೋಕ ಲೋಕದಷ್ಟಕ್ಕೆ. ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಾಗ, ಸರಿಯಾಗಿ ನೋವು ಬಂದ ದಿನವೇ ಹಳ್ಳವೂ ಬಂದಿತ್ತು. ಹೊರಸಿನ ಮೇಲೆ ಮಲಗಿಸಿ, ನಾಲ್ಕು ಮಂದಿ ಹೆಗಲ ಮೇಲೆ ಹೊತ್ತು, ಎದೆಮಟ್ಟದ ನೀರು ದಾಟಿಸಿದ್ದರು. ಈಚೆ ದಂಡೆಯಲ್ಲಿ ನಾನು ಜೀಪು ನಿಲ್ಲಿಸಿಕೊಂಡು "ಹುಷಾರು! ಹುಷಾರು!" ಎಂದು ಕೂಗುತ್ತಿದ್ದೆ. ಅವತ್ತಿನ ಕಾರ್ಯದಲ್ಲಿ ನನ್ನ ಕೊಡುಗೆ ಅಷ್ಟೇ. ಮಗಳು ಸುಖವಾಗಿ ಹುಟ್ಟಿ ಈಗ ಎರಡನೇ ಕ್ಲಾಸು. ಆದರೆ ಹೊರಸಿನ ಮೇಲಿಂದ ಕಂಡ ಆ ಕೆಂಪು ನೀರು ಹುಲಿಗೆಮ್ಮಳ ಕಣ್ಣಿಂದ ಹೋಗಿಲ್ಲ. ಮುಗಿಲು ಕಪ್ಪಾದರೆ ಈಗಲೂ ಮಾತು ಕಡಿಮೆ ಮಾಡುತ್ತಾಳೆ.

ಹಳ್ಳಗಳ ಮೇಲೆ ಸೇತುವೆ ಕಟ್ಟುವ ಪಟ್ಟಿ ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ತಯಾರಾಗುತ್ತಿತ್ತು. ಯಾವ ಊರು ಪಟ್ಟಿಯಲ್ಲಿ ಮೇಲೆ, ಯಾವುದು ಕೆಳಗೆ ಎನ್ನುವುದು ನಮ್ಮ ನಕ್ಷೆಗಳ ಮೇಲೆ ನಿಂತಿತ್ತು.

"ನಮ್ಮೂರಿಗೆ ಸೇತುವೆ ಬರಬೇಕ್ರಿ," ಎಂದಳು ಹುಲಿಗೆಮ್ಮ. "ಇನ್ನೊಬ್ಬಾಕಿನ್ನ ಹೊರಸಿನ ಮ್ಯಾಲ ಹೊರೋದು ನನ್ನ ಕಣ್ಲೆ ನೋಡಾಕಾಗಂಗಿಲ್ಲ."

"ನೀ ಏನೂ ಫಿಕರ್ ಮಾಡಬ್ಯಾಡ," ಎಂದೆ ನಾನು ಎದೆಯುಬ್ಬಿಸಿ. "ನಿಮ್ಮೂರು ಪೂರಾ ಮುಳುಗಿಸಿಬಿಡ್ತೀನಿ!"

"ಅಷ್ಟು ಮಾಡ್ರಿ, ಪುಣ್ಯಾ ಬರ್ತೈತಿ," ಎಂದಳು. ತವರು ಮುಳುಗಿಸುತ್ತೇನೆ ಎಂದ ಗಂಡನಿಗೆ ಅವತ್ತು ಎರಡು ಚಮಚ ತುಪ್ಪ ಜಾಸ್ತಿ ಬಿತ್ತು.

ನೆಲದ ಏರುತಗ್ಗುಗಳನ್ನು ಡ್ರೋನ್ ಹಾರಿಸಿ ಅಳೆದು ತಂದಿದ್ದರು. ಡ್ರೋನಿಗೆ ಮೇಲಿಂದ ಕಂಡದ್ದೆಲ್ಲ ನೆಲವೇ. ಮನೆ, ಬೇವಿನಮರ, ನಿಂತ ಬಸ್ಸು, ಎಲ್ಲವೂ ನೆಲ. ನೆಲವಲ್ಲದ್ದನ್ನು ಆಮೇಲೆ ನಾವು ತೆಗೆದುಹಾಕಬೇಕು. ಸಾಫ್ಟ್‌ವೇರ್ ಬಹುಪಾಲು ತಾನೇ ತೆಗೆಯುತ್ತದೆ. ಮೂಲೆ ಚೂಪಾಗಿದ್ದರೆ ಮನೆ, ಕಡ್ಡಿಯ ಹಾಗೆ ನಿಂತಿದ್ದರೆ ಮರ. ಅನುಮಾನ ಬಂದಲ್ಲಿ ಮಾತ್ರ ನಮ್ಮನ್ನು ಕೇಳುತ್ತದೆ. ವಳಕಮದಿನ್ನಿಯಲ್ಲಿ ಅದು ಒಂದೇ ಒಂದು ಕಡೆ ಕೇಳಿತು. ಊರ ಅಂಚಿನಲ್ಲಿ ಉದ್ದಕ್ಕೆ, ನುಣ್ಣಗೆ, ಎರಡಾಳು ಎತ್ತರದ ಒಂದು ಉಬ್ಬು. ಬಣ್ಣ ಹಳದಿ ಕಂದು. "ಇದು ನೆಲವೇ?"

ನಾನು ಗುರುಗುಂಟಾದವನು. ಗುಡ್ಡ, ಕಲ್ಲು, ಕುರಿ ನೋಡುತ್ತಲೇ ಬೆಳೆದ ಪ್ರಾಣಿ. ಗುಡ್ಡ ಅಂದರೇನು ಅಂತ ನನಗೆ ಒಂದು ಯಂತ್ರ ಪಾಠ ಹೇಳಬೇಕೇ? ಅದೂ ಅಲ್ಲದೆ ಊರ ಹೆಸರಿನಲ್ಲೇ ದಿನ್ನಿ, ಅಂದರೆ ದಿಬ್ಬ, ಇದೆ. ಹಿರಿಯರು ಸುಮ್ಮನೆ ಇಟ್ಟಿರುತ್ತಾರೆಯೇ? "ಹೌದು" ಎಂದು ಒತ್ತಿದೆ.

ಆಮೇಲೆ ಒಂದು ಫಾರಂ ಬಂತು. "ಸ್ಥಳಕ್ಕೆ ಖುದ್ದು ಹೋಗಿ ಪರಿಶೀಲಿಸಿದ್ದೀರಾ?" ಎಂಟು ವರ್ಷದಿಂದ ಅಳಿಯನಾಗಿ ಹೋಗಿಬರುತ್ತಿರುವ ಊರು! ಇನ್ನೆಷ್ಟು ಖುದ್ದು? "ಪರಿಶೀಲಿಸಲಾಗಿದೆ" ಎಂದು ಬರೆದು ಉದ್ದಕ್ಕೆ ಸಹಿ ಎಳೆದೆ. ಎರಡು ಗೆರೆ ಕೆಳಗೆ, ಒಂದು ಚುಕ್ಕಿ ಮುಂದೆ.

ಆಳದ ನಕ್ಷೆ ಬಹಳ ಚಂದ ಬಂತು. ಊರೆಲ್ಲ ಕಡುನೀಲಿ. ಗುಡಿ ಮುಳುಗಿತ್ತು, ಶಾಲೆ ಮುಳುಗಿತ್ತು, ಮಾವನ ಮನೆ ನಡುಮಟ್ಟ ಮುಳುಗಿತ್ತು. ನಡುವೆ ಆ ಉಬ್ಬು ಮಾತ್ರ ಬೆಳ್ಳಗೆ, ಆಳ ಸೊನ್ನೆ. ಎತ್ತರದ ಜಾಗಕ್ಕೆ ಒಂದು ಹೆಸರು ಕೊಡಿ ಎಂದಿತು ಯಂತ್ರ. ಸರ್ವೆ ನಂಬರ್ ನೋಡಿದರೆ ಅದು ನನ್ನ ಮಾವನ ಕಣ! ಮಾವನ ಕಣದಲ್ಲಿ ಗುಡ್ಡ ಇರುವುದು ಅಳಿಯನಿಗೆ ಗೊತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಅಳಿಯನಾದವನು ಮಾವನ ಮನೆಗೆ ಹೋದರೆ ಉಣ್ಣುತ್ತಾನೆ, ಮಲಗುತ್ತಾನೆ, ಎದ್ದು ಚಹಾ ಕುಡಿಯುತ್ತಾನೆ. ಕಣ ಸುತ್ತಿಬರುವುದು ಅವನ ಘನತೆಗೆ ಒಪ್ಪುವ ಮಾತಲ್ಲ. ಹೆಣ್ಣು ಕೊಟ್ಟ ಋಣ ತೀರಿಸುವ ಅವಕಾಶ ಸಿಕ್ಕಿತಲ್ಲ ಅಂತ ಹಿಗ್ಗಿ ಮಾವನ ಹೆಸರನ್ನೇ ಟೈಪಿಸಿದೆ: ಯಮನೂರಪ್ಪನ ಗುಡ್ಡ.

ಲಿಂಗಸುಗೂರಿನ ಸಭೆಗೆ ನಕ್ಷೆ ದೊಡ್ಡದಾಗಿ ಬೇಕಿತ್ತು. ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು ಪರಿಚಯದ ಖಾಜಾ ಭಾಯ್‌ನ ಫ್ಲೆಕ್ಸ್ ಅಂಗಡಿಗೆ ಹೋದೆ. ಆತ ಪರದೆಯ ಮೇಲೆ ನಕ್ಷೆ ನೋಡಿ ಹುಬ್ಬು ಗಂಟಿಕ್ಕಿದ.

"ಫೋಟೋ ಎಲ್ಲೈತಿ ಸಾಬ್?"

"ಫೋಟೋ ಬ್ಯಾಡ ಭಾಯ್. ಇದು ನೀರಿನ ನಕ್ಷೆ."

"ಮಾರಿ ಇಲ್ದ ಫ್ಲೆಕ್ಸ್ ಇವತ್ತಿನ ತನಾ ಈ ಮಷಿನ್ನಿಂದ ಬಂದಿಲ್ಲ ಸಾಬ್," ಎಂದ ಆತ ದುಃಖದಿಂದ. "ಬೋಳು ಬೋಳು ಕಾಣ್ತೈತಿ."

"ಕಾಣ್ಲಿ ಬಿಡು," ಎಂದು ನಾನು ಮಿರ್ಚಿ ಮಂಡಾಳು ತಿನ್ನಲು ಹೋದೆ. ಬರುವಷ್ಟರಲ್ಲಿ ಫ್ಲೆಕ್ಸ್ ಸುತ್ತಿ, ದಾರ ಕಟ್ಟಿ, ತಯಾರಾಗಿತ್ತು. ಬಿಚ್ಚಿ ನೋಡಲಿಲ್ಲ. ಬಸ್ಸು ಬಂದಿತ್ತು!

ಲಿಂಗಸುಗೂರಿನ ಸಭೆಯಲ್ಲಿ ದೊಡ್ಡ ಅಧಿಕಾರಿ ಒಬ್ಬರು ಮೇಡಂ. ಮೈಸೂರು ಕಡೆಯವರು, ಮಾತು ಮೆತ್ತಗೆ, ನೋಟ ಗಟ್ಟಿ. ಇಬ್ಬರು ಹಿಡಿದು ನನ್ನ ಫ್ಲೆಕ್ಸನ್ನು ಗೋಡೆಗೆ ಬಿಡಿಸಿದರು. ಎಡಮೂಲೆಯಲ್ಲಿ ಗುಲಾಬಿ ಹೂವಿನ ಚೌಕಟ್ಟಿನೊಳಗೆ ನಾನು ನಿಂತಿದ್ದೆ! ಕಪ್ಪು ಕನ್ನಡಕ, ಮುಗಿದ ಕೈ. ನನ್ನ ವಾಟ್ಸಾಪಿನ ಫೋಟೋ! ನಕ್ಷೆಯ ನೆತ್ತಿಯಲ್ಲಿ ಖಾಜಾ ಭಾಯ್ ತನ್ನ ಕೈಯಿಂದ ಒಂದು ಸಾಲು ಸೇರಿಸಿದ್ದ: "ವಳಕಮದಿನ್ನಿ ಪ್ರವಾಹ. ತಮ್ಮೆಲ್ಲರಿಗೂ ಹಾರ್ದಿಕ ಸುಸ್ವಾಗತ!"

"ಈ ಕೈಮುಗಿದು ನಿಂತಿರೋರು ಯಾರು?" ಕೇಳಿದರು ಮೇಡಂ.

"ನಾನೇ ಮೇಡಂ."

"ಕಪ್ಪು ಕನ್ನಡಕ ಯಾಕೆ?"

"ಅವತ್ತು ಬಿಸಿಲಿತ್ತು ಮೇಡಂ."

"ಪ್ರವಾಹದಲ್ಲೂ?"

ಮೇಡಂ ನಕ್ಷೆಯ ಹತ್ತಿರ ಹೋಗಿ ಬಿಳಿಯ ತೇಪೆಯ ಮೇಲೆ ಪೆನ್ನಿಟ್ಟರು. "ಇದೇನು?"

"ಯಮನೂರಪ್ಪನ ಗುಡ್ಡ ಮೇಡಂ."

"ನೀವೇ ಹೋಗಿ ನೋಡಿದ್ದೀರಾ?"

"ನನ್ನ ಹೆಂಡತಿ ತವರೂರೇ ಮೇಡಂ!"

"ತುಂಬಾ ಒಳ್ಳೇದಾಯ್ತು," ಎಂದರು ಅವರು. "ಊರಲ್ಲೇ ಇಷ್ಟು ದೊಡ್ಡ ಗುಡ್ಡ ಇದೆ ಅಂದ್ಮೇಲೆ ಜನ ಹತ್ತಿ ನಿಂತ್ಕೋಬಹುದು. ಹತ್ತೋದಕ್ಕೆ ಜಾಗವೇ ಇಲ್ಲದ ಊರುಗಳಿಗೆ ಮೊದಲು ಸೇತುವೆ ಕೊಡೋಣ." ವಳಕಮದಿನ್ನಿಯ ಹೆಸರಿನ ಮೇಲೆ ಒಂದು ಗೆರೆ ಎಳೆದರು. "ಆ ಗುಡ್ಡಕ್ಕೊಂದು ಬೋರ್ಡ್ ಹಾಕ್ಸಿ. ತಿಂಗಳ ಕೊನೇಲಿ ಬರ್ತೀನಿ, ಜನರನ್ನ ಹತ್ತಿಸಿ ನೋಡೋಣ."

ಎಷ್ಟು ಆಳ ಮುಳುಗಿಸಿದರೆ ಅಷ್ಟು ಬೇಗ ಸೇತುವೆ ಅಂತ ನಾನು ತಿಳಿದಿದ್ದೆ. ಒಂದು ಬಿಳಿ ತೇಪೆ ಇಡೀ ಊರಿನ ನೀಲಿಯನ್ನು ನುಂಗಿತು!

ಮನೆಗೆ ಬಂದು ಹೇಳಿದೆ. ಹುಲಿಗೆಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು.

"ನಮ್ಮೂರಾಗ ಗುಡ್ಡ ಎಲ್ಲೈತ್ರಿ?"

"ಐತಿ. ನೀ ನೋಡಿಲ್ಲ."

"ನಾ ಹುಟ್ಟಿ ಬೆಳದ ಊರ್ರೀ ಅದು!"

"ನೀ ಕೆಳಗಿಂದ ನೋಡೀದಿ. ಮ್ಯಾಲಿಂದ ನೋಡಿದ್ರ ಕಾಣ್ತೈತಿ," ಎಂದು ಲ್ಯಾಪ್‌ಟಾಪ್ ತೆರೆದೆ. ಆಕೆ ಬೆರಳಿಟ್ಟು ಹೆಜ್ಜೆ ಹೆಜ್ಜೆಗೆ ನಡೆದಳು. "ಇದು ನಮ್ಮನಿ. ಇದು ಬೇವಿನ ಗಿಡ. ಇದು ಎಮ್ಮಿ ಕಟ್ಟೂ ಜಾಗ. ಇದರ ಬಾಜೂಕ…" ಬೆರಳು ನಿಂತಿತು. ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು.

"ಏನ್ರೀ! ಇದು ನಮ್ಮಪ್ಪನ ಬಣಿವಿ!"

ಭತ್ತದ ಹುಲ್ಲಿನ ಬಣವೆ! ಮಾವ ಮತ್ತು ಅವರ ಅಣ್ಣತಮ್ಮಂದಿರು, ಒಟ್ಟು ಆರು ಮನೆಯವರು, ಸುಗ್ಗಿ ಮುಗಿದ ಮೇಲೆ ತಮ್ಮ ಹುಲ್ಲನ್ನೆಲ್ಲ ಒಂದೇ ಕಡೆ ಒಟ್ಟುತ್ತಾರೆ. ಡ್ರೋನ್ ಬಂದದ್ದು ಒಟ್ಟಿದ ಮರುವಾರ. ಆ ಬಣವೆಯ ನೆರಳಿನಲ್ಲಿ ಎಂಟು ವರ್ಷ ನಾನು ಮಧ್ಯಾಹ್ನದ ನಿದ್ದೆ ಮಾಡಿದ್ದೇನೆ. ಅದರ ಹುಲ್ಲು ಎಳೆದು ಹಲ್ಲಿನ ಸಂದಿ ಕೆದರಿಕೊಂಡಿದ್ದೇನೆ. ಮೇಲಿನಿಂದ ನೋಡಿರಲಿಲ್ಲ, ಅಷ್ಟೇ!

ಹುಲಿಗೆಮ್ಮ ಬೈಯುತ್ತಾಳೆ ಅಂತ ತಯಾರಾಗಿ ಕೂತೆ. ಬೈಯಲಿಲ್ಲ. "ಹಂಗಾರ ಸೇತುವೆ ಹೋತೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿ ಒಳಗೆ ಹೋದಳು. ಬೈದಿದ್ದರೆ ಚಲೋ ಇತ್ತು.

ನಾಲ್ಕು ದಿನ ಬಿಟ್ಟು ವಳಕಮದಿನ್ನಿಗೆ ಹೋದೆ. ಇಷ್ಟು ವರ್ಷ ಸೇತುವೆ ಬಾರದ ಊರಿಗೆ ಬೋರ್ಡು ನಾಲ್ಕೇ ದಿನದಲ್ಲಿ ಬಂದುಬಿಟ್ಟಿತ್ತು! ಬಣವೆಯ ಮುಂದೆ ಕಬ್ಬಿಣದ ಕಂಬ, ಹಸಿರು ತಗಡು, ಬಿಳಿ ಬಾಣ: "ಸುರಕ್ಷಿತ ಎತ್ತರದ ಸ್ಥಳ, ಯಮನೂರಪ್ಪನ ಗುಡ್ಡ. ಹಾನಿ ಮಾಡುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು." ಅದರ ಬುಡದಲ್ಲಿ ಮಾವ ಹೊಸ ರುಮಾಲು ಸುತ್ತಿಕೊಂಡು ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ನನ್ನ ಫ್ಲೆಕ್ಸು. ಸಭೆ ಮುಗಿದ ಮೇಲೆ ಅದನ್ನೂ ಬೋರ್ಡಿನ ಜೊತೆ ಕಳಿಸಿದ್ದರು.

"ಬರ್ರಿ ಅಳಿಯಾರ, ಬರ್ರಿ! ನಮ್ಮಜ್ಜ ಬಾವಿ ತೆಗಸಿದ, ನಮ್ಮಪ್ಪ ಮನಿ ಕಟ್ಟಿಸಿದ. ಗುಡ್ಡ ಮಾಡಿದಾಂವ ನಮ್ಮ ವಂಶದಾಗ ನಾನ ಮೊದಲನೇದಾಂವ!"

"ಮಾವಾರ, ಇದು ಬಣಿವಿ ಅಲ್ರಿ?"

"ನನಗ ಗೊತ್ತಿಲ್ಲೇನ್ರಿ? ಒಟ್ಟಿದಾಂವ ನಾನ. ಆದ್ರ ಸರಕಾರ ಗುಡ್ಡ ಅಂದಮ್ಯಾಲ ಗುಡ್ಡ. ನೀವ ಸಹಿ ಮಾಡೀರಂತಲ್ಲ?" ಎಂದು ನನ್ನ ಫೋಟೋದ ಕಡೆಗೆ ಕೈ ತೋರಿಸಿದರು. "ಒಂದ ಎಸಳು ಹುಲ್ಲು ಯಾರೂ ಮುಟ್ಟಂಗಿಲ್ಲ ಅಂತ ಆರೂ ಮನಿಗೆ ಹೇಳೀನಿ. ಕ್ರಮಾ ಆಕ್ಕೈತಿ."

ಅಷ್ಟರಲ್ಲಿ ಬಣವೆಯ ಹಿಂದಿನಿಂದ ಅತ್ತೆ ಈರಮ್ಮ ತೋಳುಗಟ್ಟಲೆ ಹುಲ್ಲು ತಬ್ಬಿಕೊಂಡು ಬಂದರು.

"ಏನಬೇ, ಮುಟ್ಟಬ್ಯಾಡ ಅಂತ ಬೋರ್ಡಿನ್ಯಾಗ ಬರದೈತಿ!" ಎಂದರು ಮಾವ.

"ಎಮ್ಮಿಗೆ ಬೋರ್ಡು ಓದಾಕ ಬರ್ತೈತೇನು?" ಎಂದರು ಅತ್ತೆ. "ಮುಂದಿಂದು ಸರಕಾರದ್ದು ಇರಲಿ. ಹಿಂದಿಂದು ನಂದು."

ನಾನು ನೆಲಕ್ಕೆ ಕೂತು ಎಲ್ಲ ಹೇಳಿದೆ. ಈ ಗುಡ್ಡದ ಸಲುವಾಗಿಯೇ ಸೇತುವೆಯ ಪಟ್ಟಿಯಿಂದ ಊರು ಹೊರಬಿದ್ದದ್ದನ್ನು ಕೇಳಿ ಮಾವನ ಮುಖ ಸಪ್ಪಗಾಯಿತು. ಹೊರಸಿನ ಒಂದು ಕಾಲು ಅವತ್ತು ಅವರ ಹೆಗಲ ಮೇಲಿತ್ತು. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಹಂಗಾರ ಈ ಗುಡ್ಡ ನಮಗ ಬ್ಯಾಡ್ರಿ ಅಳಿಯಾರ. ಬರದು ತೆಗಸ್ರಿ."

ಅಲ್ಲಿಂದಲೇ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. "ಬರಿ ಮಾರಾಯಾ, ಗುಡ್ಡ ಇಲ್ಲ ಅಂತ ಬರಿ," ಎಂದರು ಅವರು. "ಪರಿಶೀಲಿಸಲಾಗಿದೆ ಅಂತ ಸಹಿ ಮಾಡಿದಾಂವ ಯಾರು ಅಂತ ಕೇಳ್ತಾರ. ಅವತ್ತಿಂದ ನೀ ಮನ್ಯಾಗ. ಅಷ್ಟಕ್ಕೂ ತಯಾರಿದ್ರ ಬರಿ."

ನಾನು ತಯಾರಿರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಖರೆ ಹೇಳುವ ದಾರಿ ಒಂದಿತ್ತು, ಅದನ್ನು ಬಿಟ್ಟು ಮಿಕ್ಕ ಎಲ್ಲ ದಾರಿಗಳನ್ನು ಯೋಚಿಸಿದೆ. ಕಡೆಗೆ ಒಂದು ನಿರ್ಣಯಕ್ಕೆ ಬಂದೆ: ಸದರಿ ಗುಡ್ಡವು ಮೇಡಂ ಬರುವುದರೊಳಗಾಗಿ ಸ್ವಾಭಾವಿಕ ಕಾರಣಗಳಿಂದ ಸವೆದು ಹೋಗತಕ್ಕದ್ದು. ಆಗ ಗುಡ್ಡ ಇತ್ತು, ಈಗ ಇಲ್ಲ. ಸಹಿಯೂ ಸುಳ್ಳಲ್ಲ, ಸೇತುವೆಯೂ ಉಂಟು! ಹುಲ್ಲಿನ ಗುಡ್ಡ ಸವೆಯಲು ಜಗತ್ತಿನಲ್ಲಿ ಇರುವ ಸ್ವಾಭಾವಿಕ ಕಾರಣ ಒಂದೇ. ಎಮ್ಮೆ.

ಆರು ಮನೆಗೆ ಸೇರಿ ಹದಿನಾಲ್ಕು ಎಮ್ಮೆ. ಒಂದು ಎಮ್ಮೆ ದಿನಕ್ಕೆ ಎಷ್ಟು ತಿನ್ನುತ್ತದೆ, ಗುಡ್ಡದ ಘನ ಅಳತೆ ಎಷ್ಟು, ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದೆ. ಏಳು ತಿಂಗಳು ಅಂತ ಬಂತು. ನನ್ನ ಹತ್ತಿರ ಇದ್ದದ್ದು ಹದಿನೆಂಟು ದಿನ!

"ಅತ್ತಿ, ಎಮ್ಮಿಗಳಿಗೆ ಸ್ವಲ್ಪ ಜಲ್ದಿ ತಿನ್ನಾಕ ಹೇಳ್ರಿ," ಎಂದೆ.

"ನಿಮಗ ಹೋಳಿಗಿ ಹಾಕಿದಾಗ ಹೇಳ್ತೀನಲ್ಲ, ಹಂಗ ಹೇಳ್ಲೇನು?" ಎಂದರು ಅತ್ತೆ.

ದಢೇಸುಗೂರಿನಲ್ಲಿದ್ದ ಮಾವನ ಬೀಗರಿಗೆ ಫೋನ್ ಮಾಡಿ, ಟೆಂಪೊ ಕಳಿಸಿ, ಅವರ ಒಂಬತ್ತು ಎಮ್ಮೆ ತರಿಸಿದೆ. ಬೀಗರು ಲಗ್ನಕ್ಕೆ ಬಂದವರ ಹಾಗೆ ಜೊತೆಗೆ ಬಂದರು, ಎರಡು ದಿನ ಉಂಡರು. ಮುಂದೆ ಬೋರ್ಡು ಇದ್ದದ್ದರಿಂದ ಹುಲ್ಲನ್ನೆಲ್ಲ ಹಿಂದಿನಿಂದಲೇ ಎಳೆದರು. ಎಮ್ಮೆಗಳು ತಿಂದವು, ಮಲಗಿದವು, ಎದ್ದು ಮತ್ತೆ ತಿಂದವು. ಹಾಲು ಹೆಚ್ಚಿತು. ಅತ್ತೆ ಬೆಣ್ಣೆ ತೆಗೆದರು, ತುಪ್ಪ ಕಾಸಿದರು, ನನ್ನ ತಾಟಿಗೆ ಸುರಿದರು. ಮುಂದಿನಿಂದ ನೋಡಿದರೆ ಗುಡ್ಡ ಇದ್ದ ಹಾಗೇ ಇತ್ತು. ಬೆಳೆದದ್ದು ನನ್ನ ಹೊಟ್ಟೆ ಮಾತ್ರ!

ಮೇಡಂ ಬರುವ ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ಮೊಣಕಾಲುಮಟ್ಟ ನೀರು ಬಂದಿತ್ತು. ಬೆಳಿಗ್ಗೆ ಅವರ ಜೀಪು ಆಚೆ ದಂಡೆಯಲ್ಲೇ ನಿಂತಿತು. ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ನೀರು ದಾಟಿಯೇ ಬಂದರು. ಹಿಂದೆ ಅವರ ಸರ್ವೆಯವನು ಅಳತೆ ಕೋಲು ಮತ್ತು ದುರ್ಬೀನು ಹೊತ್ತುಕೊಂಡು ಬಂದ. ಊರೆಲ್ಲ ಕಣದಲ್ಲಿ ಸೇರಿತ್ತು. ಹುಲಿಗೆಮ್ಮಳೂ ಬಂದು ಬೇವಿನ ಮರದ ಕೆಳಗೆ ನಿಂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

ಮೇಡಂ ಬೋರ್ಡು ಓದಿದರು. ಬಾಣ ನೋಡಿದರು. ಬಾಣದ ತುದಿಯಲ್ಲಿದ್ದದ್ದನ್ನು ನೋಡಿದರು.

"ಅಮರೇಶ್, ಇದೇನು?"

ಆಗಲಾದರೂ ಹೇಳಬಹುದಿತ್ತು. ಬಾಯಿಂದ ಬಂದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು. "ಮೇಡಂ, ಹುಲ್ಲು ಬಹಳ ಬೆಳೆಯುವ ಗುಡ್ಡ."

"ಹೌದಾ? ಹತ್ತಿ ತೋರ್ಸಿ."

ಏಣಿ ತಂದರು. ನಾನು ಹತ್ತಿದೆ. ನೆತ್ತಿಯ ಮೇಲೆ ನಿಂತು ಕೆಳಗೆ ನೋಡಿದರೆ ಊರೆಲ್ಲ ಕತ್ತೆತ್ತಿ ನನ್ನನ್ನೇ ನೋಡುತ್ತಿತ್ತು. ಎಂಟು ವರ್ಷದಲ್ಲಿ ಅಷ್ಟು ಮರ್ಯಾದೆ ನನಗೆ ಆ ಊರಲ್ಲಿ ಸಿಕ್ಕಿರಲಿಲ್ಲ. ಒಂದು ಕೈ ಎತ್ತಿ "ಗಟ್ಟಿ ಐತ್ರಿ ಮೇಡಂ!" ಎಂದೆ.

ಇಪ್ಪತ್ತಮೂರು ಎಮ್ಮೆಗಳು ಹದಿನೆಂಟು ದಿನ ಹಿಂದಿನಿಂದ ತಿಂದ ಗುಡ್ಡ ಅದು. ಒಳಗೆ ಪೂರಾ ಟೊಳ್ಳು!

"ಐತ್ರಿ" ಅನ್ನುವಾಗ ಮೇಲಿದ್ದೆ. "ಮೇಡಂ" ಅನ್ನುವಾಗ ಕೆಳಗಿದ್ದೆ. ಧಸಕ್ಕೆಂದು ನೆತ್ತಿ ಕುಸಿದು, ನಾನು ನಿಂತ ನಿಲುವಿನಲ್ಲೇ ಕುತ್ತಿಗೆಯವರೆಗೆ ಹುಲ್ಲಿನಲ್ಲಿ ಇಳಿದೆ. ಬಾಯಲ್ಲಿ ಹುಲ್ಲು, ಕಿವಿಯಲ್ಲಿ ಹುಲ್ಲು, ಅಂಗಿಯೊಳಗೆ ಏನೋ ಓಡಾಡುತ್ತಿತ್ತು. ಮಾವ "ಅಯ್ಯಯ್ಯೋ ನನ್ನ ಗುಡ್ಡ!" ಎಂದು ಕೂಗಿದರು. ಅಳಿಯ ಅಂತ ಕೂಗಲಿಲ್ಲ, ಅದನ್ನು ನಾನು ಗಮನಿಸಿದ್ದೇನೆ. ದಢೇಸುಗೂರಿನ ಒಂದು ಎಮ್ಮೆ ಮೆಲ್ಲಗೆ ಬಂದು ನನ್ನ ಎಡಗಿವಿಯ ಪಕ್ಕದ ಹುಲ್ಲನ್ನು ಎಳೆದು ಅಗಿಯತೊಡಗಿತು.

ಮೇಡಂ ಸರ್ವೆಯವನ ಕಡೆ ತಿರುಗಿದರು. "ಆಳ ಎಷ್ಟು, ಅಳೀರಿ."

ಆತ ಕೋಲು ತಂದು ನನ್ನ ಪಕ್ಕದಲ್ಲಿ ಚುಚ್ಚಿ ಗಂಭೀರವಾಗಿ ಓದಿದ. "ಕುತ್ತಿಗಿ ತನಾ ಬರ್ತೈತ್ರಿ ಮೇಡಂ."

"ಹಾಗಾದ್ರೆ ಇವರ ನಕ್ಷೆಯಲ್ಲಿ ಸೊನ್ನೆ ಅಂತ ಯಾಕಿದೆ?"

ಊರಿಗೆ ಊರೇ ನಕ್ಕಿತು. ಆ ನಗೆಯಲ್ಲಿ ನನಗೊಂದು ಪರಿಚಿತ ದನಿ ಕೇಳಿಸಿತು. ಹುಲಿಗೆಮ್ಮ! ಮೂರು ವಾರದ ಮೇಲೆ ನಕ್ಕಿದ್ದಳು. ಆ ಧೈರ್ಯದಿಂದ ನಾನು ಬಾಯಲ್ಲಿದ್ದ ಹುಲ್ಲು ಉಗುಳಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮೇಡಂ, ಇದು ಬಣವೆ. ನಾನು ಬಂದು ನೋಡಿರಲಿಲ್ಲ. ಸುಳ್ಳು ಸಹಿ ಮಾಡಿದ್ದೆ. ತಪ್ಪು ನಂದು, ಊರಿಂದಲ್ಲ." ಕುತ್ತಿಗೆಯವರೆಗೆ ಹುಗಿದ ಮನುಷ್ಯ ಬಹಳ ಪ್ರಾಮಾಣಿಕನಾಗಿರುತ್ತಾನೆ.

ನನ್ನನ್ನು ಎಳೆದು ತೆಗೆಯುವಷ್ಟರಲ್ಲಿ ಅತ್ತೆ ಮೇಡಂ ಅವರನ್ನು ಚಹಾಕ್ಕೆ ಒಳಗೆ ಕರೆದಿದ್ದರು. ನಾನು ಹುಲ್ಲು ಝಾಡಿಸಿಕೊಂಡು ಹೋಗಿ ಹೊಸ್ತಿಲಲ್ಲಿ ನಿಂತೆ. ಅಡುಗೆಮನೆಯ ಗೋಡೆಗೆ ಉದ್ದಕ್ಕೆ ಒಂದು ಕೆಮ್ಮಣ್ಣಿನ ಗೆರೆ ಎಳೆದಿತ್ತು, ನಡುವಿಗಿಂತ ತುಸು ಮೇಲೆ. ಉಪ್ಪಿನ ಗಡಿಗೆ, ಹಿಟ್ಟಿನ ಡಬ್ಬಿ, ರೇಷನ್ ಕಾರ್ಡಿನ ಚೀಲ, ಎಲ್ಲವೂ ಆ ಗೆರೆಯ ಮೇಲೆ. ಗೆರೆಯ ಕೆಳಗೆ ಒಲೆ ಮತ್ತು ನೀರಿನ ಕೊಡ ಮಾತ್ರ. ಇಷ್ಟು ವರ್ಷ ಅದನ್ನು ನಾನು ಅಲಂಕಾರ ಅಂತ ತಿಳಿದಿದ್ದೆ.

"ಇದೇನಮ್ಮ ಗೆರೆ?" ಕೇಳಿದರು ಮೇಡಂ.

"ರಾತ್ರಿ ಹಳ್ಳ ಏರಿ ನೀರು ಬಂದ ಗೆರಿ ರೀ. ಇಳಿದ ಮರುದಿನ ಒದ್ದಿ ಗ್ವಾಡಿ ಮ್ಯಾಲ ಕೆಮ್ಮಣ್ಣಿಲೆ ಎಳದೀನಿ. ಪ್ರತಿ ಹಬ್ಬಕ್ಕ ಸುಣ್ಣಾ ಬಳದಾಗ ಮತ್ತ ಅಲ್ಲೇ ಎಳೀತೀನಿ. ಮರತು ಕೆಳಗ ಇಟ್ರ ಹೋತಲ್ರಿ ಉಪ್ಪು."

"ಈ ಗೆರಿ ದಿನಾನ ನಾ ಹೊರಸಿನ ಮ್ಯಾಲ ಇದ್ದೆ ಮೇಡಂ," ಎಂದಳು ಹುಲಿಗೆಮ್ಮ. ಅಷ್ಟೇ ಹೇಳಿದಳು. ಮೇಡಂ ತಮ್ಮ ಒದ್ದೆ ಸೀರೆಯ ಅಂಚು ನೋಡಿಕೊಂಡರು.

ದುರ್ಬೀನು ಹೂಡಿಸಿ ಗೆರೆಯ ಎತ್ತರ ಅಳೆಸಿದರು. ನನ್ನ ಮಟ್ಟದ ನಕ್ಷೆ ಬಿಚ್ಚಿಸಿ ಆ ಜಾಗದ ಅಂಕಿ ನೋಡಿದರು. ಕಂಪ್ಯೂಟರಿಗೂ ಕೆಮ್ಮಣ್ಣಿಗೂ ನಾಲ್ಕೇ ಬೆರಳಿನ ವ್ಯತ್ಯಾಸ! ನೀರು ಸರಿ ಇತ್ತು. ತಪ್ಪಿದ್ದು ನೆಲ. ನೆಲ ತಪ್ಪಿಸಿದವನು ಹೊಸ್ತಿಲಲ್ಲಿ ನಿಂತಿದ್ದ.

"ಸುಳ್ಳು ಸಹಿಗೆ ನಿಮ್ಮನ್ನ ಮನೆಗೆ ಕಳಿಸ್ಬೇಕು," ಎಂದರು ಮೇಡಂ. "ಆದ್ರೆ ನೀರು ಸರಿಯಾಗಿ ಲೆಕ್ಕ ಹಾಕಿದ್ದೀರಿ. ಪಟ್ಟಿಯಲ್ಲಿರೋ ಪ್ರತಿ ಊರಿಗೂ ನಡ್ಕೊಂಡು ಹೋಗಿ ನೋಡ್ಬೇಕು. ಸಹಿ ನಿಮ್ಮದಲ್ಲ. ಆಯಾ ಊರಿನ ಒಬ್ಬ ಅಜ್ಜಿ ಹತ್ರ ಹೆಬ್ಬೆಟ್ಟು ಹಾಕಿಸ್ಕೊಂಡು ಬನ್ನಿ." ಅಲ್ಲೇ ಕೂತು ವರದಿ ತಿದ್ದಿದರು. ಅದರ ಪ್ರತಿ ನನ್ನ ಹತ್ತಿರ ಇದೆ: "ವಳಕಮದಿನ್ನಿ. ಎತ್ತರದ ಸ್ಥಳ: ಇಲ್ಲ. ಇದ್ದದ್ದನ್ನು ಎಮ್ಮೆಗಳು ಮೇಯ್ದಿರುತ್ತವೆ. ಸೇತುವೆ: ಮೊದಲ ಆದ್ಯತೆ."

ಅವತ್ತಿನಿಂದ ನಾನು ಊರೂರು ನಡೆಯುತ್ತಿದ್ದೇನೆ. ಹೊಟ್ಟೆ ಇಳಿದಿದೆ. ಎತ್ತರ ಕಂಡದ್ದನ್ನೆಲ್ಲ ಹತ್ತಿರ ಹೋಗಿ ಕೈಯಿಂದ ಮುಟ್ಟಿ, ಒಂದು ಎಸಳು ಎಳೆದು ನೋಡುತ್ತೇನೆ. ಅಜ್ಜಿಯರು ಹೆಬ್ಬೆಟ್ಟು ಒತ್ತುವ ಮೊದಲು "ಬಣಿವಿ ಹತ್ತಿದ ಅಳಿಯ ನೀನ ಏನೋ ಯಪ್ಪಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಈಗ ಸುಳ್ಳು ಹೇಳುವುದಿಲ್ಲ.

ಮೊನ್ನೆ ಹಳ್ಳದ ಎರಡೂ ದಂಡೆಗೆ ಸೇತುವೆಯ ಅಳತೆಯ ಗೂಟ ಹೊಡೆದರು. ಹುಲಿಗೆಮ್ಮ ಹೋಗಿ ಒಂದು ಗೂಟವನ್ನು ಅಲ್ಲಾಡಿಸಿ ನೋಡಿ, ಗಟ್ಟಿ ಇದೆ ಅಂತ ಖಾತ್ರಿ ಮಾಡಿಕೊಂಡು ಬಂದಳು. ಈ ಮನೆಯಲ್ಲಿ ಈಗ ಸ್ಥಳ ಪರಿಶೀಲನೆ ಅವಳದೇ.

ನಿನ್ನೆ ಜೋರು ಮಳೆ. ಸಂಜೆ ಮಾವನ ಫೋನು ಬಂತು. ದನಿಯಲ್ಲಿ ಬಹಳ ಖುಷಿ.

"ಅಳಿಯಾರ, ಈ ಸಲದ ಸುಗ್ಗಿ ಹುಲ್ಲು ಒಟ್ಟಿ ಹೊಸಾ ಬಣಿವಿ ಮಾಡೀವ್ರಿ. ಮ್ಯಾಲ ನಿಮ್ಮ ಫ್ಲೆಕ್ಸ್ ಹೊಚ್ಚೀವಿ. ಬರೋಬ್ಬರಿ ಆತು ನೋಡ್ರಿ, ಅಳತಿ ಕೊಟ್ಟು ಹೊಲಿಸಿದಂಗ! ನಿಮ್ಮ ಮಾರಿ ಮ್ಯಾಲಕ್ಕ ಬಂದೈತಿ, ಕೈ ಮುಗದು ಮುಗಲು ನೋಡಾಕತ್ತೀರಿ. ಇಷ್ಟು ಮಳಿ ಹೊಡದ್ರೂ ಒಂದು ಹನಿ ಒಳಗ ಇಳಿದಿಲ್ಲ!"

ನಾನು ಇದುವರೆಗೆ ಮಾಡಿದ ನಕ್ಷೆಗಳಲ್ಲಿ ನೀರು ತಡೆದದ್ದು ಅದೊಂದೇ.